ನಾಲ್ಕು ಕಂಬಗಳ ನಡುವೆ ಅಪ್ಪನ ಕಾರು

ನನಗೆ ಬರವಣಿಗೆಯ ಅಭ್ಯಾಸವಿಲ್ಲ. ಈ ಪ್ರಸಂಗದಲ್ಲಿ ವ್ಯಾಕರಣದ ದೋಷ ಕಂಡರೆ ಓದುಗರು ದೊಡ್ಡ ಮನಸ್ಸಿನಿಂದ ತಿದ್ದಿಕೊಳ್ಳಬೇಕೆಂದು ಮೊದಲೇ ವಿನಂತಿಸುತ್ತೇನೆ. ಅಳತೆಯ ದೋಷ ಕಂಡರೆ ತಿದ್ದಿಕೊಳ್ಳುವ ಅಗತ್ಯವಿಲ್ಲ. ಆ ದೋಷವೇ ಈ ಬರಹದ ವಿಷಯವಾಗಿದೆ. ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಆಡುವುದು ತುಳು. ಇಲ್ಲಿ ಬರುವ ಮಾತುಗಳನ್ನು ನಾನೇ ಕನ್ನಡಕ್ಕೆ ತಂದಿದ್ದೇನೆ. ಬೈಗುಳಗಳನ್ನು ತರುವಾಗ ಅವು ಸ್ವಲ್ಪ ಮೆತ್ತಗಾಗಿವೆ. ಅದಕ್ಕೂ ಕ್ಷಮೆಯಿರಲಿ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೇರು ಹೋಗಿ ಕಿಲೋ ಬರುತ್ತದಂತೆ ಎಂದು ಪೇಟೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ಮಂಗಳೂರಿನಲ್ಲಿ ಬಿ.ಎ. ಮುಗಿಸಿದ ನಾನು ಬಂಟ್ವಾಳದ ನಮ್ಮ ಮನೆಯಲ್ಲಿ ಕುಳಿತು ಸರಕಾರಿ ಕೆಲಸದ ಕಾಗದಕ್ಕಾಗಿ ಕಾಯುತ್ತಿದ್ದೆ. ನಮ್ಮ ಕುಟುಂಬದಲ್ಲಿ ಬಿ.ಎ. ಆದವನು ನಾನೊಬ್ಬನೇ. ನಾನು ಓದಿದ್ದು ಇತಿಹಾಸ. ಆದರೆ ನಮ್ಮ ಮನೆಯಲ್ಲಿ ಬಿ.ಎ. ಎಂದರೆ ಬಿ.ಎ.; ಅದರೊಳಗೆ ವಿಷಯಗಳು ಬೇರೆಬೇರೆ ಇವೆ ಎಂಬುದನ್ನು ಯಾರೂ ಒಪ್ಪುತ್ತಿರಲಿಲ್ಲ. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ನನ್ನನ್ನು ಕೇಳುತ್ತಿದ್ದರು. ಗದ್ದೆಯ ಗಡಿಯ ತಕರಾರು ಬಂದರೆ ನನ್ನನ್ನು ಕೇಳುತ್ತಿದ್ದರು. ಗೋಡೆಯ ಗಡಿಯಾರ ನಿಂತರೂ ನನ್ನನ್ನೇ ಕೇಳುತ್ತಿದ್ದರು. ನಾನು ಮೊಗಲರ ಕಂದಾಯ ಪದ್ಧತಿಯನ್ನು ಮನಸ್ಸಿನಲ್ಲೇ ನೆನೆದು, ಗಂಭೀರವಾಗಿ ಏನಾದರೊಂದು ಹೇಳುತ್ತಿದ್ದೆ. ನನ್ನನ್ನು ಓದಿಸಲು ಅಪ್ಪ ಹಗಲಿಡೀ ಕಾರು ಓಡಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ‘ಗೊತ್ತಿಲ್ಲ’ ಎಂಬ ಶಬ್ದ ನನ್ನ ಬಾಯಿಗೆ ಬರುತ್ತಿರಲಿಲ್ಲ.

ಅಪ್ಪನದು ಬಾಡಿಗೆ ಕಾರು. ಬಂಟ್ವಾಳಕ್ಕೂ ಬೆಳ್ತಂಗಡಿಗೂ ನಡುವೆ ಅದು ಓಡುತ್ತಿತ್ತು. ಯುದ್ಧಕ್ಕೆ ಮೊದಲು ಹಡಗಿನಲ್ಲಿ ಬಂದಿಳಿದ ಭಾರೀ ಗಾಡಿ. ಮುಂದಿನ ಎರಡು ಮಡ್‌ಗಾರ್ಡುಗಳು ಆನೆಯ ತಲೆಯಂತೆ ಹೊರಗೆ ಉಬ್ಬಿದ್ದವು, ಹಿಂದಿನವೆರಡೂ ಹಾಗೆಯೇ. ನಡುವೆ, ಬಾಗಿಲುಗಳ ಬಳಿ, ಕಾರು ಸೊಂಟದಂತೆ ಒಳಗೆ ಸರಿದಿತ್ತು. ಈ ಸೊಂಟವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಕಾರಿನ ಅಡಿಭಾಗದ ರಿಪೇರಿಗೆ ಅಪ್ಪನದು ಅವರದೇ ಒಂದು ಪದ್ಧತಿ. ನಮ್ಮ ಗದ್ದೆಯ ಅಂಚಿನಲ್ಲಿ ಆಳವಾದ ಒಂದು ತೋಡು ಇದೆ. ಬೇಸಗೆಯಲ್ಲಿ ಅದು ಒಣಗಿರುತ್ತದೆ. ತೋಡಿನ ಎರಡು ದಂಡೆಗಳ ಮೇಲೆ ಎರಡು ಬದಿಯ ಚಕ್ರಗಳು ಬರುವಂತೆ ಕಾರನ್ನು ನಿಲ್ಲಿಸಿ, ಅಪ್ಪ ತೋಡಿಗಿಳಿದು, ಕಾರಿನ ಕೆಳಗೆ ನೆಟ್ಟಗೆ ನಿಂತುಕೊಂಡು ಕೆಲಸ ಮಾಡುತ್ತಿದ್ದರು. ಮಳೆಗಾಲದಲ್ಲಿ ತೋಡು ತುಂಬಿ ಹರಿಯುವುದರಿಂದ ಜಾಕಿಯೇ ಗತಿ. ಆ ವರ್ಷ ಆಟಿ ತಿಂಗಳಲ್ಲಿ ಒದ್ದೆ ಮಣ್ಣಿನಲ್ಲಿ ಜಾಕಿ ಜಾರಿತು. ಕಾರು ದೊಪ್ಪನೆ ಕೂತಿತು. ಅಪ್ಪ ಎಲೆಗೆ ಸುಣ್ಣ ಹಚ್ಚಿಕೊಳ್ಳಲೆಂದು ಅದರ ಅಡಿಯಿಂದ ಹೊರಗೆ ಬಂದು ಅರ್ಧ ನಿಮಿಷವೂ ಆಗಿರಲಿಲ್ಲ. ಅಪ್ಪನ ಎಲೆಯಡಿಕೆಯ ಚಟದ ಮೇಲೆ ಮೂವತ್ತು ವರ್ಷ ಜಗಳವಾಡಿದ್ದ ಅಮ್ಮ, ಅಂದು ತಾವಾಗಿಯೇ ಅವರ ತಟ್ಟೆಯಲ್ಲಿ ಇನ್ನೆರಡು ಎಲೆ ಇಟ್ಟರು.

ಅಂದೇ ನಾನು ನಿರ್ಧರಿಸಿದೆ: ಇನ್ನು ನಮ್ಮ ಮನೆಯಲ್ಲಿ ಕಾರನ್ನು ಎತ್ತುವುದಿದ್ದರೆ ಶಾಸ್ತ್ರೀಯವಾಗಿ, ಸುರಕ್ಷಿತವಾಗಿ ಎತ್ತತಕ್ಕದ್ದು.

ಅವಕಾಶ ಬೇಗನೆ ಬಂತು. ನನ್ನ ತಂಗಿ ಸರೋಜಿನಿಗೆ ಮೂಡಬಿದಿರೆಯಿಂದ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಎಂಟನೆಯ ತರಗತಿಯವರೆಗೆ ಓದಿದ್ದ. ಸರೋಜಿನಿಗೆ ಅವನು ಒಪ್ಪಿಗೆಯಾಗಿದ್ದ. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಬೇರೆ ಸಂಬಂಧಗಳು ಬಂದಾಗ ಬರುತ್ತಿದ್ದ ತಲೆನೋವು ಈ ಸಲ ಅವಳಿಗೆ ಬಂದಿರಲಿಲ್ಲ. ಆಟಿ ಕಳೆದು ಬರುವ ಸೋಣ ತಿಂಗಳ ಒಂದು ಆದಿತ್ಯವಾರ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹುಡುಗನ ಕಡೆಯಿಂದ ಮಾತಾಡುವವರು ಅವನ ಸೋದರಮಾವ ಕಾಂತಪ್ಪ. ಅವರು ಒಮ್ಮೆ, ಊಟಕ್ಕೆ ತಡವಾಯಿತೆಂದು ಒಂದು ಸಂಬಂಧವನ್ನೇ ಬಿಟ್ಟು ಎದ್ದು ಬಂದವರು ಎಂದು ಪ್ರತೀತಿ ಇತ್ತು. ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಕಾರು ಮೂಡಬಿದಿರೆಗೆ ಹೋಗಿ ಹಿರಿಯರನ್ನು ಕರೆತರುವುದೆಂದು ಮಾತಾಯಿತು.

ನಿಶ್ಚಯಕ್ಕೆ ಹತ್ತು ದಿನ ಇರುವಾಗ ಕಾರಿನ ಗೇರ್ ಬಾಕ್ಸಿನಿಂದ ಎಣ್ಣೆ ಸೋರಲು ತೊಡಗಿತು. ಎರಡನೆಯ ಗೇರು ಹಾಕಿದರೆ ಹಲ್ಲು ಕಡಿಯುವ ಶಬ್ದ. ತೋಡು ತುಂಬಿತ್ತು. ಜಾಕಿಯನ್ನು ಅಮ್ಮ ಎಲ್ಲಿಯೋ ಅಡಗಿಸಿಟ್ಟಿದ್ದರು.

“ನಮ್ಮ ಮರದ ಡಿಪೋದಲ್ಲಿ ಒಂದು ಚೈನ್ ಪುಲ್ಲಿ ಉಂಟು,” ಎಂದರು ನೆರೆಮನೆಯ ಇದಿನಬ್ಬ ಬ್ಯಾರಿ. ಅವರು ದಿಮ್ಮಿ ಸಾಗಿಸುವ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. “ಆನೆ ಎಳೆಯುವ ದಿಮ್ಮಿಯನ್ನು ಒಬ್ಬ ಮನುಷ್ಯ ಸಂಕಲೆ ಎಳೆದು ಎತ್ತಬಹುದು. ಸುಮ್ಮನೆ ಬಿದ್ದುಕೊಂಡುಂಟು. ತರುವನಾ?”

ಪುಲ್ಲಿ ಬಂತು. ಅದರ ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಿಕೆಯೂ ಬಂತು. ಡಿಪೋದಲ್ಲಿ ಅದನ್ನು ಯಾರೂ ಓದಿರಲಿಲ್ಲ. ಓದದೆಯೇ ಅವರು ಹಲವು ವರ್ಷ ದಿಮ್ಮಿ ಎತ್ತಿದ್ದರು. ನಾನು ಅದನ್ನು ಎರಡು ಬಾರಿ ಓದಿ, ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ, ಅದರಲ್ಲಿದ್ದ ಹನ್ನೆರಡು ಸುರಕ್ಷತಾ ನಿಯಮಗಳನ್ನು ಕನ್ನಡದಲ್ಲಿ ವಿವರಿಸಿದೆ. ಅಪ್ಪ ಪುರಾಣ ಕೇಳುವವರಂತೆ ಹೆಗಲಿನ ಬೈರಾಸು ವಸ್ತ್ರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ನಿಯಮ ಒಂದು. ಭಾರವನ್ನು ಕಟ್ಟಡದ ಮಾಡಿಗೆ ತೂಗು ಹಾಕತಕ್ಕದ್ದಲ್ಲ. ಅದಕ್ಕೆ ಸ್ವತಂತ್ರವಾದ ಕಂಬಗಳಿರಬೇಕು.”

“ಸರಿ,” ಎಂದರು ಅಪ್ಪ.

“ನಿಯಮ ನಾಲ್ಕು. ಕೊಕ್ಕೆಯು ಭಾರದ ನೇರ ಮೇಲೆ ಇರತಕ್ಕದ್ದು. ಓರೆಯಾಗಿ ಎಳೆದರೆ ಅಪಾಯ.”

“ಸರಿ.”

“ನಿಯಮ ಒಂಬತ್ತು. ತೂಗುವ ಭಾರದ ಕೆಳಗೆ ಯಾವನೇ ಮನುಷ್ಯನು ಹೋಗತಕ್ಕದ್ದಲ್ಲ.”

ಇಲ್ಲಿ ಮಾತ್ರ ಅಪ್ಪ ಸ್ವಲ್ಪ ತಡೆದರು. “ಹಾಗಾದರೆ ರಿಪೇರಿ ಯಾರು ಮಾಡುವುದು, ಮಗಾ?”

ಪ್ರಶ್ನೆ ಸಮಂಜಸವಾಗಿತ್ತು. ನಿಯಮ ಹತ್ತರಲ್ಲಿ ಉತ್ತರವಿತ್ತು: ಭಾರದ ಅಡಿಗೆ ಗಟ್ಟಿಯಾದ ಆಸರೆಗಳನ್ನು ಇಟ್ಟರೆ ಹೋಗಬಹುದು. ಆಸರೆಯ ವಿಷಯ ಆಮೇಲೆ ಯೋಚಿಸುವ ಎಂದೆ.

ಸ್ಥಳಕ್ಕಾಗಿ ದನದ ಕೊಟ್ಟಿಗೆಯನ್ನು ಆರಿಸಿದೆವು. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮೂರು ದನಗಳನ್ನು ಬೈಹುಲ್ಲಿನ ಚಪ್ಪರಕ್ಕೆ ವರ್ಗಾಯಿಸಲಾಯಿತು. ಅವು ಹೋಗುವಾಗ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಈಗ ನನ್ನ ಬುದ್ಧಿವಂತಿಕೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಕೊಕ್ಕೆ ಕಾರಿನ ಮೂತಿಯ ನೇರ ಮೇಲೆ ಬರಬೇಕಷ್ಟೆ? ಹಾಗಿದ್ದರೆ ಬರಿಯ ನೆಲದಲ್ಲಿ ಹಗ್ಗ ಹಿಡಿದು ಅಳೆಯುವುದಕ್ಕಿಂತ, ಕಾರನ್ನೇ ಒಳಗೆ ನಿಲ್ಲಿಸಿ, ಅದರ ಸುತ್ತ ಕಂಬ ಹುಗಿಯುವುದು ಹೆಚ್ಚು ನಿಖರವಲ್ಲವೇ? ಕಾರಿಗೆ ಕಾರಿಗಿಂತ ಉತ್ತಮವಾದ ಅಳತೆಗೋಲು ಯಾವುದು? ಕಾರನ್ನು ತಳ್ಳಿ, ಮೂತಿ ಮುಂದಾಗಿ ಕೊಟ್ಟಿಗೆಗೆ ಸೇರಿಸಿದೆವು. ನೆಂಟರಿಷ್ಟರಿಗೆ ನಿಶ್ಚಯದ ಹೇಳಿಕೆ ಹೇಳಲು ಅಪ್ಪ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೊರಟರು. ಹೊರಡುವಾಗ, “ಎಲ್ಲ ಅವನು ಹೇಳಿದ ಹಾಗೆ ಮಾಡಿ,” ಎಂದು ಇದಿನಬ್ಬರಿಗೆ ಹೇಳಿದರು.

ಎರಡು ಕಂಬಗಳು ಕಾರಿನ ಮೂತಿಯ ಆಚೆಗೆ, ಕೊಟ್ಟಿಗೆಯ ಹಿಂಗೋಡೆಯ ಬಳಿ ಬಂದವು. ಇನ್ನೆರಡು ಕಂಬಗಳಿಗೆ ಸ್ಥಳ ಹುಡುಕುವುದು ಕಷ್ಟವಾಯಿತು. ಕೊಟ್ಟಿಗೆ ಇಕ್ಕಟ್ಟು. ಮಡ್‌ಗಾರ್ಡುಗಳ ಬಳಿ ಗೋಡೆಗೂ ಕಾರಿಗೂ ನಡುವೆ ಕಂಬ ಹಿಡಿಯುವಷ್ಟು ಜಾಗವಿರಲಿಲ್ಲ. ಆದರೆ ಮುಂದಿನ ಬಾಗಿಲುಗಳ ಬಳಿ, ಆ ಸೊಂಟದಲ್ಲಿ, ಎರಡು ಬದಿಯಲ್ಲೂ ಸರಿಯಾಗಿ ಒಂದೊಂದು ಕಂಬಕ್ಕೆ ಬೇಕಾದಷ್ಟು ಜಾಗವಿತ್ತು. ಅದನ್ನು ಕಂಡಾಗ, ಪ್ರಕೃತಿಯೇ ನನ್ನ ಯೋಜನೆಗೆ ಸ್ಥಳ ಬಿಟ್ಟುಕೊಟ್ಟಿದೆ ಎಂದು ನನಗನ್ನಿಸಿತು.

ಇದಿನಬ್ಬರು ಹೊಂಡ ತೆಗೆಸುವ ಮೊದಲು ಕಾರನ್ನೊಮ್ಮೆ, ಕೊಟ್ಟಿಗೆಯ ಬಾಯಿಯನ್ನೊಮ್ಮೆ ನೋಡಿದರು. ಗಡ್ಡ ಕೆರೆದುಕೊಂಡರು. “ಅಲ್ಲ ಬಿ.ಎ.ಯವರೇ, ಒಂದು ಮಾತು...”

“ನಿಯಮ ನಾಲ್ಕು, ಬ್ಯಾರಿಗಳೇ,” ಎಂದೆ. “ನೇರ ಮೇಲೆ.”

“ಹೌದು ಹೌದು. ಓದಿದವರು ನೀವು.” ಅವರು ಹೊಂಡಕ್ಕೆ ಗುರುತು ಹಾಕಿದರು.

ಕಂಬಗಳು ಕಿರಾಲುಬೋಗಿ ಮರದವು. ಆ ಮರಕ್ಕೆ ಗೆದ್ದಲು ತನ್ನ ಹಲ್ಲನ್ನು ನಂಬಿ ಬರುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಎರಡು ಮೊಳ ಆಳದ ಹೊಂಡ ತೆಗೆದು, ಕಂಬ ನಿಲ್ಲಿಸಿ, ಮುರಕಲ್ಲಿನ ತುಂಡು, ಸುಣ್ಣ, ಬೆಲ್ಲದ ನೀರು ಸೇರಿಸಿ ಗುದ್ದಿದೆವು. ಮೇಲೆ ತೊಲೆಗಳನ್ನು ಕೂರಿಸಿದೆವು. ಕಂಬಗಳು ಅಲುಗಾಡಬಾರದೆಂದು ಹೆಚ್ಚಿನ ಸುರಕ್ಷತೆಗಾಗಿ ಅವುಗಳನ್ನು ಕೊಟ್ಟಿಗೆಯ ಗೋಡೆಗೂ ಕಬ್ಬಿಣದ ಪಟ್ಟಿಯಿಂದ ಬಿಗಿಸಿದೆ. ಇದು ಪುಸ್ತಿಕೆಯಲ್ಲಿ ಇರಲಿಲ್ಲ. ನನ್ನ ಸ್ವಂತ ಸಂಶೋಧನೆ. ಸೊಂಟದ ಎರಡು ಕಂಬಗಳ ನಡುವಿನ ಅಂತರ ನಾಲ್ಕು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಅದನ್ನು ನಾನೇ ಅಳೆದು ನೋಟು ಪುಸ್ತಕದಲ್ಲಿ ಬರೆದುಕೊಂಡೆ. ಮಡ್‌ಗಾರ್ಡುಗಳ ಅಗಲ ನಾಲ್ಕು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಅದನ್ನೂ ಅಳೆದು ಬರೆದುಕೊಂಡೆ. ಎರಡನ್ನೂ ಬೇರೆಬೇರೆ ಪುಟಗಳಲ್ಲಿ ಬರೆದುಕೊಂಡೆ.

ಬಾಗಿಲಲ್ಲಿ ಒಂದು ಹಲಗೆ ತೂಗು ಹಾಕಿದೆ: ‘ಎಚ್ಚರಿಕೆ. ತೂಗುತ್ತಿರುವ ಭಾರದ ಅಡಿಯಲ್ಲಿ ನಿಲ್ಲಕೂಡದು.’

“ಇದು ಯಾರಿಗೆ?” ಎಂದು ಕೇಳಿದಳು ಸರೋಜಿನಿ. “ಅಪ್ಪನಿಗೆ ಓದಲಿಕ್ಕೆ ಬರುವುದಿಲ್ಲ. ಬ್ಯಾರಿಗಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಅಡಿಯಲ್ಲಿ ನಿಲ್ಲುವುದು ಕೋಳಿಗಳು.”

ನಿಯಮವೆಂದರೆ ನಿಯಮ ಎಂದೆ.

ಗುರುವಾರ ಅಪ್ಪ ಬೆಳ್ತಂಗಡಿಯಿಂದ ಬಂದರು. ಕೊಟ್ಟಿಗೆಗೆ ಬಂದು, ಕಂಬಗಳನ್ನು ಮುಟ್ಟಿ ನೋಡಿ, ಕಾರಿನ ಸುತ್ತ ಒಂದು ಸುತ್ತು ಬರಲು ಹೋಗಿ ಅರ್ಧದಲ್ಲಿ ನಿಂತರು. ನನ್ನ ಮುಖ ನೋಡಿದರು. “ಗಟ್ಟಿ ಉಂಟು,” ಎಂದರು. 

ಶುಕ್ರವಾರ ಎತ್ತುವ ಶಾಸ್ತ್ರ. ಅಮ್ಮ ತೆಂಗಿನಕಾಯಿ ಒಡೆಸಿದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿನ ಮುಂಭಾಗವನ್ನು ಸಂಕಲೆಗೆ ಸಿಕ್ಕಿಸಿ, ನಿಯಮ ಏಳರ ಪ್ರಕಾರ ಅರ್ಧ ಗೇಣು ಎತ್ತಿ, ಹತ್ತು ನಿಮಿಷ ಕಾದೆವು.  ಗೋಡೆಯ ಗಡಿಯಾರವನ್ನು ಸರೋಜಿನಿ ಎತ್ತಿಕೊಂಡು ನಿಂತಿದ್ದಳು. ಕಂಬಗಳು ಕಿರುಗುಟ್ಟಲೂ ಇಲ್ಲ. ಮೊಣಕಾಲಿನೆತ್ತರಕ್ಕೆ ಎತ್ತಿದೆವು. ಈಗ ಆಸರೆಯ ಪ್ರಶ್ನೆ.

ಗಟ್ಟಿಯಾದದ್ದು, ಜಾರದೆ ಇರುವಂಥದ್ದು, ಮನೆಯಲ್ಲಿ ನಾಲ್ಕಾರು ಇರುವಂಥದ್ದು ಏನೆಂದು ಯೋಚಿಸಿದಾಗ ಉತ್ತರ ತಾನಾಗಿ ಹೊಳೆಯಿತು. ಅಕ್ಕಿ ಮುಡಿ! ಬೈಹುಲ್ಲನ್ನು ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಮರದ ಕೊಡತಿಯಿಂದ ಗುದ್ದಿ ಗುದ್ದಿ ಉರುಟು ಮಾಡಿದ ನಲವತ್ತೆರಡು ಸೇರಿನ ಮುಡಿಗಿಂತ ಗಟ್ಟಿಯಾದ ವಸ್ತು ನಮ್ಮ ಮನೆಯಲ್ಲಿ ಅಮ್ಮನ ಸಂಕಲ್ಪ ಒಂದೇ. ನಿಶ್ಚಯದ ಊಟಕ್ಕೆಂದು ಅಮ್ಮ ಆರು ಮುಡಿಗಳನ್ನು ತೆಗೆದಿರಿಸಿದ್ದರು.

“ಅನ್ನದ ಮೇಲೆ ಕಾರು ಕೂರಿಸ್ತೀಯಾ?” ಎಂದರು ಅಮ್ಮ.

“ಕೂರಿಸುವುದಲ್ಲ ಅಮ್ಮ. ಸಂಕಲೆ ತುಂಡಾದರೆ ಮಾತ್ರ ಕೂರುತ್ತದೆ. ಇದು ಅಪ್ಪನ ಜೀವದ ಪ್ರಶ್ನೆ.”

ಅಮ್ಮ ಅಪ್ಪನನ್ನು ನೋಡಿದರು. ಮುಡಿಗಳನ್ನು ತಾವೇ ಉರುಳಿಸಿಕೊಂಡು ಬಂದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಪ್ಪ ಗೇರ್ ಬಾಕ್ಸಿನ ಕೆಲಸ ಮುಗಿಸಿದರು. ಸಂಕಲೆ ತುಂಡಾಗಲಿಲ್ಲ. ತೊಲೆ ಬಾಗಲಿಲ್ಲ. ಯಾರಿಗೂ ಒಂದು ಗೀರು ಗಾಯವಾಗಲಿಲ್ಲ. ಎರಡು ಮುಡಿಗಳ ಮೇಲೆ ಗೇರ್ ಎಣ್ಣೆ ಧಾರಾಳವಾಗಿ ಸುರಿದದ್ದನ್ನು ಬಿಟ್ಟರೆ ಕಾರ್ಯ ನಿರ್ವಿಘ್ನವಾಗಿ ನೆರವೇರಿತು. ಕಾರು ಮೆಲ್ಲನೆ ಕೆಳಗಿಳಿಯಿತು. ಇದಿನಬ್ಬರು ನನ್ನ ಬೆನ್ನು ತಟ್ಟಿ, “ಬಿ.ಎ. ಅಂದರೆ ಬಿ.ಎ.ಯೇ!” ಎಂದರು. ಸಂಜೆ ಅಪ್ಪ ಪೇಟೆಯ ಚಾ ಹೋಟೆಲಿನಲ್ಲಿ ಈ ವಿಷಯ ಹೇಳಿದರಂತೆ. ಬಿಲ್ಲಿನ ಮೇಜಿನವರು ಎದ್ದು ನಿಂತು ಕೇಳಿದರಂತೆ. ಆ ಸಂಜೆ ನಾನು ಜಗಲಿಯಲ್ಲಿ ಕುಳಿತು, ಗ್ರಾಮೀಣ ಜೀವನದಲ್ಲಿ ವಿದ್ಯಾವಂತರ ಪಾತ್ರವೆಂಬ ವಿಷಯದ ಮೇಲೆ ಒಂದು ಲೇಖನ ಆರಂಭಿಸಿದೆ. ಎರಡು ಪ್ಯಾರಾ ಆಗಿತ್ತು.

ಆದಿತ್ಯವಾರ ಬೆಳಿಗ್ಗೆ ಏಳು ಗಂಟೆ. ಸರೋಜಿನಿ ಕಾರಿನ ಮೂತಿಗೆ ಮಲ್ಲಿಗೆಯ ಮಾಲೆ ಕಟ್ಟಿದ್ದಳು. ಅಪ್ಪ ಗಂಜಿ ಹಾಕಿದ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಬಂದರು. ಕಾರಿನ ಹಿಂದಿನ ಬಾಗಿಲು ತೆರೆದರು. ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿದರು. ಹಿಂದಿನ ಸೀಟಿಗೆ ಹತ್ತಿ, ಅಲ್ಲಿಂದ ಮುಂದಿನ ಸೀಟನ್ನು ಮೊದಲು ಒಂದು ಕಾಲಿನಿಂದ, ಮತ್ತೆ ಇನ್ನೊಂದು ಕಾಲಿನಿಂದ ದಾಟಿ, ಸ್ಟೇರಿಂಗಿನ ಎದುರು ಕೂತರು. ಐವತ್ತೆಂಟು ವರ್ಷದ ಮನುಷ್ಯ.

“ಅಪ್ಪ, ಮುಂದಿನ ಬಾಗಿಲಿನಿಂದ ಹತ್ತಬಹುದಿತ್ತಲ್ಲ?” ಎಂದೆ.

“ಅದು ತೆರೆಯುವುದಿಲ್ಲ ಮಗಾ.”

“ಏಕೆ?”

“ನಿನ್ನ ಕಂಬ ಉಂಟಲ್ಲ.”

ನಾನು ಕಂಬವನ್ನು ನೋಡಿದೆ. ಕಂಬ ಬಾಗಿಲಿಗೆ ಎದೆಗೊಟ್ಟು ನಿಂತಿತ್ತು. ಆಮೇಲೆ ಕಂಬದ ಮುಂದಿದ್ದ ಮಡ್‌ಗಾರ್ಡನ್ನು ನೋಡಿದೆ. ಆಮೇಲೆ ಕಂಬದ ಹಿಂದಿದ್ದ ಮಡ್‌ಗಾರ್ಡನ್ನು ನೋಡಿದೆ. ನೋಟು ಪುಸ್ತಕದ ಎರಡು ಪುಟಗಳು ನನ್ನ ಕಣ್ಣೆದುರು ಮೊದಲ ಬಾರಿಗೆ ಅಕ್ಕಪಕ್ಕ ಬಂದು ನಿಂತವು.

ಅಪ್ಪ ಕಾರನ್ನು ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆದರು. ಗೇರು ಬೆಣ್ಣೆಯಂತೆ ಬಿತ್ತು. ಕಾರು ಒಂದು ಗೇಣು ಹಿಂದೆ ಬಂದು, ‘ಟಣ್’ ಎಂದು ನಿಂತಿತು. ಮುಂದಿನ ಎರಡು ಮಡ್‌ಗಾರ್ಡುಗಳೂ ಎರಡು ಕಂಬಗಳಿಗೆ ಏಕಕಾಲದಲ್ಲಿ ತಾಗಿದ್ದವು. ಅಷ್ಟರ ಮಟ್ಟಿಗೆ ನನ್ನ ಅಳತೆ ನಿಖರವಾಗಿತ್ತು.

“ನಿಮಗೆ ಇದು ಯಾವಾಗ ಗೊತ್ತಾಯಿತು?” ಎಂದು ಕೇಳಿದೆ.

“ಗುರುವಾರ ಬಂದವನೇ ಕಂಡೆ. ನಿನ್ನೆ ಗೇರು ನೋಡಲಿಕ್ಕೂ ಹಿಂದಿನಿಂದಲೇ ಹತ್ತಿದ್ದು.” ಅಪ್ಪನ ಸ್ವರದಲ್ಲಿ ಆಕ್ಷೇಪವಿರಲಿಲ್ಲ, ಬರೀ ಆಶ್ಚರ್ಯವಿತ್ತು. “ನೀನು ಬಿ.ಎ. ಅಲ್ಲವಾ? ಹೊರಗೆ ತರಲಿಕ್ಕೂ ಎಂತದೋ ಒಂದು ಲೆಕ್ಕ ಇಟ್ಟಿದ್ದೀಯ ಅಂತ ಗ್ರಹಿಸಿದೆ.”

“ಬ್ಯಾರಿಗಳೇ, ನಿಮಗೆ?”

“ಹೊಂಡ ತೆಗೆಯುವ ಮೊದಲೇ,” ಎಂದರು ಇದಿನಬ್ಬರು ನೆಲ ನೋಡುತ್ತ. “ಹೇಳುವ ಅಂತ ಬಾಯಿ ತೆರೆದೆ. ನೀವು ನಿಯಮ ಹೇಳಿದಿರಿ.”

“ಆ ಕಂಬ ಮಡಚುತ್ತದೆ ಅಂತ ನಾನು ಗ್ರಹಿಸಿದ್ದು,” ಎಂದರು ಅಮ್ಮ. “ಇಂಗ್ಲಿಷ್ ಪುಸ್ತಕದ ಕಂಬ ಅಲ್ಲವಾ?”

ಹನ್ನೆರಡು ನಿಯಮಗಳಲ್ಲಿ ಒಂದಾದರೂ ‘ಕಾರು ಹೊರಗೆ ಬರಲು ದಾರಿಯಿರತಕ್ಕದ್ದು’ ಎಂದು ಹೇಳಿರಲಿಲ್ಲ. ಪುಸ್ತಿಕೆ ಬರೆದವರಿಗೆ ಅದನ್ನು ಹೇಳಬೇಕಾದೀತೆಂದು ಹೊಳೆದಿರಲಿಕ್ಕಿಲ್ಲ.

ಮೂಡಬಿದಿರೆಯಲ್ಲಿ ಕಾಂತಪ್ಪನವರು ಆಗ ಸ್ನಾನ ಮುಗಿಸಿರಬಹುದು. ಕಂಬ ಕೊಯ್ಯುವ ಎಂದು ಇದಿನಬ್ಬರು ಗರಗಸ ತಂದರು. ಒಂದು ಬೆರಳು ಆಳಕ್ಕೆ ಹೋಗುವಷ್ಟರಲ್ಲಿ ಗರಗಸದ ಆರು ಹಲ್ಲು ಹೋಯಿತು. “ನೋಡಿ, ಎಂಥ ಮರ!” ಎಂದು ಅವರು ಅಭಿಮಾನದಿಂದ ಹೇಳಿ, ನನ್ನ ಮುಖ ಕಂಡು ಗರಗಸ ಕೆಳಗಿಟ್ಟರು. ಬುಡ ಅಗೆಯಲು ಹಾರೆ ತಂದೆವು. ಸುಣ್ಣ ಬೆಲ್ಲದ ಕೆಲಸ ಎಷ್ಟು ಚೆನ್ನಾಗಿ ಆಗಿತ್ತೆಂದರೆ, ಹಾರೆ ಕಿಡಿ ಹಾರಿಸಿತು. ಸರ್ವ ಶಕ್ತಿ ಹಾಕಿ ಕಂಬವನ್ನು ಅಲುಗಾಡಿಸಿದರೆ ಗೋಡೆ ಅಲುಗಾಡುತ್ತಿತ್ತು. ನನ್ನ ಸ್ವಂತ ಸಂಶೋಧನೆಯಾದ ಕಬ್ಬಿಣದ ಪಟ್ಟಿಯ ಪ್ರಭಾವ. ಮಾಡಿನಿಂದ ಎರಡು ಹಂಚು ಬಿದ್ದವು.

ಸರೋಜಿನಿ ಹೊಸ ಸೀರೆಯುಟ್ಟು ಕೊಟ್ಟಿಗೆಯ ಬಾಯಿಯಲ್ಲಿ ನಿಂತಿದ್ದಳು. ಅವಳು ಅಳುತ್ತಾಳೆಂದು ನಾನು ಹೆದರಿದ್ದೆ. ಅವಳು ಅಳಲಿಲ್ಲ. “ಅಣ್ಣ,” ಎಂದಳು, “ಮದುವೆ ಆಗದೆ ಮನೆಯಲ್ಲೇ ಉಳಿದರೆ ನನ್ನನ್ನು ಆಯುಷ್ಯವಿಡೀ ನೀನೇ ಸಾಕಬೇಕು. ನೆನಪಿರಲಿ.” ಆಮೇಲೆ ತಗ್ಗಿದ ಸ್ವರದಲ್ಲಿ, “ಕಂಬ ಹೋಗದಿದ್ದರೆ ಆ ಮಡ್‌ಗಾರ್ಡ್ ತೆಗೆಯಲಿಕ್ಕಾಗುವುದಿಲ್ಲವಾ?” ಎಂದಳು.

ಎಲ್ಲರೂ ಅವಳನ್ನು ನೋಡಿದೆವು. ಅವಳು ಓದಿದ್ದು ಐದನೆಯ ತರಗತಿ.

ಬೋಲ್ಟುಗಳು ತುಕ್ಕು ಹಿಡಿದು ಕಾರಿನೊಂದಿಗೆ ಒಂದಾಗಿದ್ದವು. ಅಮ್ಮ ತೆಂಗಿನೆಣ್ಣೆ ತಂದು ಸುರಿದರು. ಅಪ್ಪ ಬಿಳಿ ಅಂಗಿ ಕಳಚಿಟ್ಟರು. ಒಂಬತ್ತೂವರೆಗೆ ಮುಂದಿನ ಎರಡು ಮಡ್‌ಗಾರ್ಡುಗಳು ದೀಪಗಳ ಸಮೇತ ಕಳಚಿ ಬಂದವು. ಕಾರು ಆ ಕಂಬಗಳ ನಡುವಿನಿಂದ ಮೈ ಉಜ್ಜಿಕೊಳ್ಳುತ್ತ ಹೊರಗೆ ಬಂತು. ಹಗಲ ಬೆಳಕಿನಲ್ಲಿ ನೋಡಿದರೆ ರೆಕ್ಕೆ ಕಿತ್ತ ಕೋಳಿ. ಕೊರಳಲ್ಲಿ ಮಾತ್ರ ಮಲ್ಲಿಗೆಯ ಮಾಲೆ.

ಮಡ್‌ಗಾರ್ಡು ಎಂಬುದನ್ನು ಕಾರಿಗೆ ಅಲಂಕಾರಕ್ಕಾಗಿ ಇಟ್ಟಿರುವುದಲ್ಲ ಎಂಬ ಸತ್ಯ ಅಪ್ಪನಿಗೂ ನನಗೂ ಮನೆಯಿಂದ ಎರಡು ಫರ್ಲಾಂಗು ಹೋಗುವಷ್ಟರಲ್ಲಿ ತಿಳಿಯಿತು. ಹಿಂದಿನ ದಿನ ಮಳೆ ಬಂದಿತ್ತು. ಮುಂದಿನ ಚಕ್ರಗಳು ಮಾರ್ಗದ ಕೆಂಪು ನೀರನ್ನೆಲ್ಲ ಎತ್ತಿ, ಎರಡು ಕಿಟಕಿಗಳಿಂದ ಒಳಗೆ ತಂದುಕೊಟ್ಟವು. ಮೂಡಬಿದಿರೆ ತಲುಪಿದಾಗ ಗಂಟೆ ಹನ್ನೊಂದು. ಕಾಂತಪ್ಪನವರು ಜರಿಯಂಚಿನ ಶಾಲು ಹೊದ್ದು, ಬೆತ್ತ ಹಿಡಿದು, ಅಂಗಳದಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಅವರು ಕಾರನ್ನು ನೋಡಿದರು. ಕೆಂಪು ಬಣ್ಣಕ್ಕೆ ತಿರುಗಿದ ನಮ್ಮಿಬ್ಬರನ್ನು ನೋಡಿದರು.

“ಇದು ಹೊಸ ನಮೂನೆಯದ್ದೋ?” ಎಂದರು.

“ಮಡ್‌ಗಾರ್ಡುಗಳನ್ನು ತಾತ್ಕಾಲಿಕವಾಗಿ ತೆಗೆದಿರಿಸಲಾಗಿದೆ,” ಎಂದೆ. ಕರ್ಮಣಿ ಪ್ರಯೋಗವು ಇಂಥ ಸಂದರ್ಭಗಳಿಗಾಗಿಯೇ ಇರುವಂಥದ್ದು.

ಅವರು ಮುಂದಿನ ಸೀಟಿನಲ್ಲಿ, ಕಿಟಕಿಯ ಬದಿಗೆ ಕೂತರು. ಉಳಿದ ಹಿರಿಯರು ಮೂವರು ಹಿಂದೆ. ಅವರ ಕಾಲ ಬಳಿ ನಾನು. ಗಾಜು ಏರಿಸುವ ಎಂದು ನಾನು ಹೇಳಬೇಕೆಂದಿದ್ದೆ. ಆ ಬದಿಯ ಗಾಜು ಏರುವುದಿಲ್ಲವೆಂದು ನೆನಪಾಯಿತು. ಸಿದ್ದಕಟ್ಟೆಯ ಹತ್ತಿರ ಮಾರ್ಗದಲ್ಲಿ ಒಂದು ಹೊಂಡವಿತ್ತು. ಅಪ್ಪನ ಮೂವತ್ತು ವರ್ಷದ ಅನುಭವವೆಲ್ಲ ಅದನ್ನು ತಪ್ಪಿಸಲು ನೋಡಿತು. ಹೆಚ್ಚು ವಿವರಿಸುವುದಿಲ್ಲ. ಕಾಂತಪ್ಪನವರು ಶಾಲಿನ ಒಣಗಿದ ಒಂದು ಅಂಚನ್ನು ಹುಡುಕಿ, ಅದರಿಂದ ಒಂದು ಕಣ್ಣನ್ನು ಮಾತ್ರ ಒರೆಸಿಕೊಂಡರು. ನಮ್ಮ ಮನೆ ತಲುಪುವವರೆಗೂ ಆ ಒಂದು ಕಣ್ಣಿನಿಂದಲೇ ಮಾರ್ಗವನ್ನು ನೋಡುತ್ತಿದ್ದರು. 

ಅಂಗಳದಲ್ಲಿ ಇಳಿದ ಕಾಂತಪ್ಪನವರು ಮನೆಯೊಳಗೆ ಬರಲಿಲ್ಲ. ಬೆತ್ತ ಊರಿ ನಿಂತು, “ಕಾರಿಗೆ ಎಂತ ಆಯಿತು? ಸರಿಯಾಗಿ ಹೇಳಿ,” ಎಂದರು.

“ಬಣ್ಣ ಕೊಡಲಿಕ್ಕೆ ತೆಗೆದದ್ದು...” ಎಂದು ಅಪ್ಪ ಶುರು ಮಾಡಿದರು. ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅಲ್ಲಿಗೇ ತಡವರಿಸಿ ನಿಂತರು. ಆ ಸುಳ್ಳು ಅವರು ನನಗಾಗಿ ಹೇಳುತ್ತಿದ್ದದ್ದು. ಅವರ ಉಗುರುಗಳ ಸಂದಿನಲ್ಲಿ ಬೋಲ್ಟಿನ ತುಕ್ಕು ಇನ್ನೂ ಇತ್ತು.

“ಬಣ್ಣ ಅಲ್ಲ,” ಎಂದೆ. “ಬನ್ನಿ, ತೋರಿಸುತ್ತೇನೆ.”

ಕೊಟ್ಟಿಗೆಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದೆ: ಸಂಕಲೆ, ನಾಲ್ಕು ಕಂಬ, ಎಣ್ಣೆ ಕುಡಿದ ಎರಡು ಮುಡಿ, ಹಲ್ಲುದುರಿದ ಗರಗಸ, ಎಚ್ಚರಿಕೆಯ ಹಲಗೆ. “ಅಪ್ಪನಿಗೆ ಅಪಾಯ ಆಗಬಾರದು ಎಂದು ಮಾಡಿದ್ದು. ಕಾರು ಒಳಗಿರುವಾಗಲೇ ಕಂಬ ಹಾಕಿಸಿದೆ. ಹೊರಗೆ ಹೇಗೆ ಬರುತ್ತದೆ ಎಂದು ನೋಡಲಿಲ್ಲ. ನಾನು ಓದಿದ್ದು ಇತಿಹಾಸ. ಈ ಕೆಲಸ ನನಗೆ ಗೊತ್ತಿಲ್ಲ.”

ಆ ಶಬ್ದ ಬಾಯಿಂದ ಬಂದಾಗ ಅಮ್ಮ ಎದುರಿನ ಅಡುಗೆ ಮನೆಯ ಬಾಗಿಲಿನಲ್ಲಿ ಸೌಟು ಹಿಡಿದು ಹಾಗೆಯೇ ನಿಂತುಬಿಟ್ಟರು.

ಕಾಂತಪ್ಪನವರು ಒಂದು ಕಂಬವನ್ನು ಬೆತ್ತದಿಂದ ಬಡಿದು ನೋಡಿದರು. ಎರಡು ಕಂಬಗಳ ನಡುವೆ ತಾವೇ ಹೋಗಿ ನಿಂತು, ಎರಡು ಕೈ ಚಾಚಿ ಅಳೆದರು. “ಕಿರಾಲುಬೋಗಿ?” ಎಂದರು. ಇದಿನಬ್ಬರು ಹೌದೆಂದರು. “ಒಳ್ಳೆಯ ಮರ,” ಎಂದರು.  ಆಮೇಲೆ ಅಪ್ಪನ ಕಡೆಗೆ ತಿರುಗಿದರು.

“ನೋಡಿ, ನಾನು ಮುಚ್ಚಿಡುವುದಿಲ್ಲ. ಹುಡುಗನ ಭಾವ ಆಗುವವನು ಬಿ.ಎ. ಅಂತ ಗೊತ್ತಾದ ದಿನದಿಂದ ನಮ್ಮ ಹುಡುಗನಿಗೆ ಊಟ ಸೇರುವುದಿಲ್ಲ. ಆ ಮನೆಯಲ್ಲಿ ನಾನು ಬಾಯಿ ತೆರೆಯಲಿಕ್ಕುಂಟಾ ಮಾವ ಅಂತ ಕೇಳ್ತಾನೆ. ನನಗೂ ಹಾಗೆಯೇ ಆಯಿತು. ಇವತ್ತು ಊಟ ಮಾಡಿ, ಮರ್ಯಾದೆಯಲ್ಲಿ ‘ಆಗುವುದಿಲ್ಲ’ ಅಂತ ಹೇಳಿ ಹೋಗುವ ಅಂತಲೇ ಬಂದದ್ದು.”

“ಈಗ?” ಎಂದರು ಅಮ್ಮ ಬಾಗಿಲಿನಿಂದ.

“ಈಗ ಎಂತ?” ಅವರು ಇನ್ನೊಂದು ಕಣ್ಣನ್ನೂ ಒರೆಸಿಕೊಂಡರು. “ಮುಖ ತೊಳೆಯಲಿಕ್ಕೆ ನೀರು ಕೊಡಿ. ಹುಡುಗನಿಗೆ ನಾನು ಹೇಳ್ತೇನೆ, ಹೆದರುವಂಥದ್ದು ಏನೂ ಇಲ್ಲ ಮಾರಾಯ ಅಂತ.”

ಒಳಗಿನ ಕೋಣೆಯಲ್ಲಿ ಸರೋಜಿನಿಯ ಬಳೆಗಳು ಸದ್ದು ಮಾಡಿದವು. ಅದು ಸಂತೋಷದ ಸದ್ದೋ ನಗೆಯ ಸದ್ದೋ ನಾನು ವಿಚಾರಿಸಲಿಲ್ಲ.

ಆ ಬಳಿಕ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳನ್ನು ಇದ್ದ ಹಾಗೆ ಹೇಳಿ ಮುಗಿಸುತ್ತೇನೆ. ಸರೋಜಿನಿಯ ಮದುವೆ ಆ ವರ್ಷವೇ ನಡೆಯಿತು. ಮದುವೆಗೆ ಮೊದಲೇ ಒಂದು ದಿನ ಭಾವ ಬಂದು ಮಡ್‌ಗಾರ್ಡುಗಳನ್ನು ಹಿಂದಿನಂತೆ ಜೋಡಿಸಿಕೊಟ್ಟರು. ಜೋಡಿಸುವ ಮೊದಲು ಕಾರು ಹೊರಗೇ ಇದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡರು. ನಿಶ್ಚಯದ ಅತಿಥಿಗಳಿಗೆ ಅಮ್ಮ ಬೇರೆ ಅಕ್ಕಿಯ ಅನ್ನ ಬಡಿಸಿದ್ದರು. ಎಣ್ಣೆ ಬಿದ್ದ ಎರಡು ಮುಡಿಯ ಅಕ್ಕಿಯನ್ನು ಹಾಳು ಮಾಡುವ ಪದ್ಧತಿ ನಮ್ಮಲ್ಲಿಲ್ಲದ ಕಾರಣ, ದೀಪಾವಳಿಯವರೆಗೆ ನಮ್ಮ ಗಂಜಿಯಲ್ಲಿ ಎರಡನೆಯ ಗೇರಿನ ರುಚಿಯಿತ್ತು. ಪುಲ್ಲಿ ಡಿಪೋಗೆ ಹಿಂತಿರುಗಿತು. ಪುಸ್ತಿಕೆಯನ್ನು ಅವರು ಬೇಡವೆಂದರು. ದನಗಳು ಕೊಟ್ಟಿಗೆಗೆ ಮರಳಿ ಬಂದವು. ಅವುಗಳನ್ನು ಆ ಕಂಬಗಳಿಗೆ ಕಟ್ಟುತ್ತೇವೆ. ಅಷ್ಟು ಸುರಕ್ಷಿತವಾಗಿ ಕಟ್ಟಿದ ದನಗಳು ಈ ತಾಲೂಕಿನಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ಕಾರಿನ ಅಡಿಭಾಗದ ಕೆಲಸ ಈಗ ಬೇಸಗೆಯಲ್ಲಿ ಮಾತ್ರ, ತೋಡಿನಲ್ಲಿ ಮಾತ್ರ. ಅಪ್ಪ ಸ್ಪ್ಯಾನರ್ ಕೇಳಿದಾಗ ಕೊಡುವವನು ನಾನು. ತಪ್ಪು ಸ್ಪ್ಯಾನರ್ ಕೊಟ್ಟರೆ ತಪ್ಪೆಂದು ಹೇಳುತ್ತಾರೆ.

ಮುಖ್ಯವಾದ ಬದಲಾವಣೆ ಅದೇ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಕಂಡದ್ದನ್ನು ಕಂಡ ಹಾಗೆ ನನಗೆ ಹೇಳುತ್ತಾರೆ. ಕೆಲವೊಮ್ಮೆ ಕಾಣದ್ದನ್ನೂ ಹೇಳುತ್ತಾರೆ. ಈ ಬರಹವನ್ನು ನಿನ್ನೆ ಅಪ್ಪನಿಗೆ ಪೂರ್ತಿಯಾಗಿ ಓದಿ ಹೇಳಿದೆ. ಅವರು ಬೈರಾಸನ್ನು ಹೆಗಲಿನ ಮೇಲೆಯೇ ಇಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ, “ಕಂಬದ ಅಂತರ ನಾಲ್ಕು ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಅಲ್ಲ, ಮೂರು ಬೆರಳು,” ಎಂದರು.

ಹೋಗಿ ಅಳೆದೆ. ಮೂರೇ.